ಬೆನೆಗಲ್ ನರಸಿಂಗರಾಯರು

ನಮ್ಮ ದೇಶದ ರಾಜ್ಯಘಟನೆಯನ್ನು, ಅಂದರೆ ಈಗ ಎಲ್ಲರೂ ಸಂವಿಧಾನವೆಂದು ಕರೆಯುವ ಮೂಲಶಾಸನವನ್ನು, ರಚಿಸಿದವರು ಯಾರೆಂದು ನಮ್ಮ ಹೆಣ್ಣುಮಕ್ಕಳನ್ನು ಕೇಳಿದರೆ ಅವರು ಡಾಕ್ಟರ ಅಂಬೇಡಕರರ ಹೆಸರನ್ನು ಒಡನೆಯೇ ಹೇಳುವರು. ಸ್ವಲ್ಪ ಹೆಚ್ಚು ಓದಿದವರು ಬಾಬು ರಾಜೇಂದ್ರಪ್ರಸಾದರನ್ನೂ ಪಂಡಿತ ನೆಹರೂರವರನ್ನೂ ಸರದಾರ ಪಟೇಲರನ್ನೂ ಸ್ಮರಿಸುವರು. ಇವರೆಲ್ಲರೂ ಆ ಮಹಾಕಾರ್ಯಕ್ಕಾಗಿ ನೆರೆದ ಘಟನಾಸಭೆಗೆ ಆರಿಸಿ ಬಂದ ಸದಸ್ಯರು. ಆದರೆ ಆ ಸಭೆಯ ಸದಸ್ಯರಾಗದೆ, ಒಂದು ಮತವನ್ನಾದರೂ ಕೊಡುವ ಅಧಿಕಾರವಿಲ್ಲದೆ, ಸಂಬಳವನ್ನೂ ಸ್ವೀಕರಿಸದೆ, ಅದರ ಬೆನ್ನ ಹಿಂದೆ ನಿಂತು ಹಗಲಿರುಳು ದುಡಿದ ಮಹನೀಯರೊಬ್ಬರಿದ್ದರು. ಅವರು ನಮ್ಮ ಕನ್ನಡ ಕರಾವಳಿಯವರು. ಅವರ ಹೆಸರು ಬೆನೆಗಲ್ ನರಸಿಂಗರಾಯರು. ಈ ಸ್ಮರಣ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಿಗೂ ತಾಯ್ತಂದೆಗಳಿಗೂ ಅವರ ಚರಿತ್ರೆಯನ್ನು ಸಂಕ್ಷೇಪವಾಗಿ ತಿಳಿಸಬೇಕೆಂಬುದು ನನ್ನ ಆಶೆ. ಯಾಕಂದರೆ ಹೆಣ್ಣುಮಕ್ಕಳ ಎರಡು ದೊಡ್ಡ ಹಕ್ಕುಗಳು, ಆಸ್ತಿಯ ಪಾಲು ಮತ್ತು ಮತ, ಇವೆರಡರ ಚರಿತ್ರೆಯಲ್ಲಿಯೂ ಈ ಪುರುಷರ ಕೈ ಇರುವದು.

ನರಸಿಂಗರಾಯರು 1887ನೆಯ ಇಸವಿ ಫೆಬ್ರುವರಿ 26ರಂದು ದಕ್ಷಿಣ ಕನ್ನಡ ಸೀಮೆಯ ಒಂದು ಚಿತ್ರಾಪುರ ಸಾರಸ್ವತ ಕುಟುಂಬದಲ್ಲಿ ಜನಿಸಿದರು. ಆ ಸೀಮೆಯು ಆಗ ಮದ್ರಾಸ ಪ್ರಾಂತಕ್ಕೆ ಸೇರಿತ್ತು. ತಂದೆ ಬೆನೆಗಲ್ ರಾಘವೇಂದ್ರರಾಯರು ವೈದ್ಯರಾಗಿದ್ದರು. ಮನೆಯಲ್ಲಿ ವಿದ್ಯೆಗೆ ಇದ್ದ ಮಾನವು ಎಂಥದೆಂಬುದು ಮಕ್ಕಳ ಮುಂದಿನ ಬಾಳಿನಿಂದ ತಿಳಿದು ಬರುವದು. ತಮ್ಮಂದಿರಲ್ಲಿ ಒಬ್ಬರಾದ ರಾಮರಾಯರು ರಿಸರ್ವ ಬ್ಯಾಂಕಿನ ಗವರ್ನರರಾದರು. ಇನ್ನೊಬ್ಬರಾದ ಶಿವರಾಯರು ಹೆಸರಾಂತ ಪತ್ರಕರ್ತರಾಗಿ ಘಟನಾಸಭೆಗೆ ಸದಸ್ಯರಾಗಿ ಹೋದರು. ನರಸಿಂಗರಾಯರು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ಇಡೀ ಮದ್ರಾಸ ಪ್ರಾಂತಕ್ಕೆ ಮೊದಲಿಗರಾಗಿ ತೇರ್ಗಡೆ ಹೊಂದಿದರು. ತರುವಾಯ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್, ಭೌತಶಾಸ್ತ್ರ, ಸಂಸ್ಕೃತ ಎಂಬ ಒಂದಕ್ಕೊಂದು ದೂರವಾದ ವಿಷಯಗಳನ್ನು ಅಭ್ಯಾಸಮಾಡಿದರು. ಗಣಿತದಲ್ಲಿಯೂ ಅವರಿಗೆ ವಿಶೇಷ ಪ್ರೀತಿ ಇತ್ತು. ಅವರು ಮುಂದೆ ಬರೆದ ಶಾಸನಗಳಲ್ಲಿ ಒಂದು ಮಾತು ಹೆಚ್ಚಾಗದೆ ಒಂದು ಮಾತು ಕಡಿಮೆಯಾಗದೆ ಇರುವ ಗುಣವು ಈ ಗಣಿತದ ಶಿಸ್ತಿನಿಂದಲೇ ಬಂದಿರಬೇಕೆಂದು ನನಗೆ ತೋರುವದು.

ವಿದ್ಯಾರ್ಥಿವೇತನವನ್ನು ಪಡೆದು ಅವರು ಇಂಗ್ಲಂಡಕ್ಕೆ ಹೋಗಿ ಕೇಂಬ್ರಿಜಿನ ಟ್ರಿನಿಟಿ ಕಾಲೇಜನ್ನು ಸೇರಿದರು. ಜವಾಹರಲಾಲ ನೆಹರೂರವರೂ ಆ ಕಾಲದಲ್ಲಿ ಅದೇ ಕಾಲೇಜಿನ ವಿದ್ಯಾರ್ಥಿಯಾಗಿದ್ದರು. ಒಬ್ಬರು ಮುಂದೆ ಸರಕಾರದ ಸೇವೆಯನ್ನೂ ಇನ್ನೊಬ್ಬರು ಸೆರೆಮನೆಯ ದಾರಿಯನ್ನೂ ಹಿಡಿದರು. ಸುಮಾರು ನಾಲ್ವತ್ತು ವರುಷಗಳ ಮೇಲೆ ಒಂದೇ ಕಾರ್ಯದಲ್ಲಿ ಇಬ್ಬರೂ ಕೂಡಿದರು. ರಾಯರು 1909ರಲ್ಲಿ ಐ. ಸಿ. ಎಸ್. ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಮೊದಲು ಅವರಿಗೆ ಮದ್ರಾಸ ಪ್ರಾಂತವೇ ಗೊತ್ತಾಗಿತ್ತು. ತನ್ನ ಸೀಮೆಯಲ್ಲಿಯೇ ದೊಡ್ಡ ಅಧಿಕಾರ ದೊರೆತರೆ ಯಾರು ತಾನೆ ಬೇಡವೆನ್ನುವರು? ಆದರೆ ಬಂಧುಬಳಗವೂ ಮನೆಯವರ ಭೂಮಿಕಾಣಿಯೂ ಇರುವ ಪ್ರಾಂತದಲ್ಲಿ ಅಧಿಕಾರ ನಡಿಸಿದರೆ ನ್ಯಾಯಕ್ಕೆ ಮುಲಾಜಿನ ಕಲೆ ಹತ್ತಬಹುದೆಂದು ಯೋಚಿಸಿ, ತಮ್ಮನ್ನು ಬೇರೆ ಕಡೆಗೆ ಕಳುಹಿಸಬೇಕೆಂದು ಅವರು ತಾವಾಗಿಯೇ ಕೇಳಿಕೊಂಡರು. ಅದರಂತೆ 1910ರಲ್ಲಿ ಅವರನ್ನು ಬಂಗಾಲಕ್ಕೆ ಕಳುಹಿಸಲಾಯಿತು. ಇಪ್ಪತ್ತಮೂರು ವರುಷದ ತರುಣನೊಬ್ಬನು ಇಷ್ಟು ದೂರ ನೋಡಿದನೆಂಬುದನ್ನು ಇಂದಿನ ತರುಣರು ಮನಸ್ಸಿನಲ್ಲಿಡುವದು ಒಳ್ಳೇದು.

ಬಂಗಾಲದಲ್ಲಿ ಅವರು ಆಡಳಿತದ ಕೆಲಸಕ್ಕಿಂತ ನ್ಯಾಯದ ಕೆಲಸವನ್ನೇ ಮೆಚ್ಚಿಕೊಂಡು ಜಿಲ್ಲಾ ನ್ಯಾಯಾಧೀಶರಾದರು. 1925ರಿಂದ ಕೆಲವು ವರುಷ ಅಸ್ಸಾಮ ಸರಕಾರದ ಕಾನೂನು ಇಲಾಖೆಯಲ್ಲಿದ್ದು ಶಾಸನಗಳ ಕರಡನ್ನು ಬರೆಯುವ ವಿದ್ಯೆಯಲ್ಲಿ ಪಳಗಿದರು. 1935ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಹಿಂದುಸ್ಥಾನದ ಆಡಳಿತಕ್ಕೆಂದು ಹೊಸ ಕಾಯಿದೆಯನ್ನು ಮಾಡಿತಷ್ಟೆ. ಅದಕ್ಕೆ ಹೊಂದುವಂತೆ ದೇಶದ ಎಲ್ಲ ಹಳೆಯ ಕಾಯಿದೆಗಳನ್ನು ಒಂದೊಂದಾಗಿ ತಿದ್ದಬೇಕಾಗಿ ಬಂದಾಗ, ಆ ಭಾರವನ್ನು ರಾಯರ ಮೇಲೆ ಹೊರಿಸಲಾಯಿತು. ಅದನ್ನು ಅವರು ಬಲು ಶೀಘ್ರವಾಗಿ ಮುಗಿಸಿಕೊಟ್ಟರು. 1938ರಲ್ಲಿ ಸರ್ ಎಂಬ ಬಿರುದು ಬಂತು. ಕಲಕತ್ತಾ ಹೈಕೋರ್ಟಿನ ನ್ಯಾಯಾಧೀಶರ ಸ್ಥಾನವೂ ದೊರೆಯಿತು. ಸಿಂಧೂ ನದಿಯ ನೀರಿನ ವಿಷಯದಲ್ಲಿ ಪಂಜಾಬಕ್ಕೂ ಸಿಂಧ ಪ್ರಾಂತಕ್ಕೂ ತಂಟೆ ಬಂದಾಗ ಅದನ್ನು ವಿಚಾರಿಸಲು 1941ರಲ್ಲಿ ನೇಮಿಸಿದ ಮಂಡಲಿಗೂ ಅವರೇ ಅಧ್ಯಕ್ಷರು. ನದಿಯ ಮೇಲ್ಭಾಗದವರಾಗಲಿ ಕೆಳಭಾಗದವರಾಗಲಿ ನೀರೆಲ್ಲ ತಮ್ಮದೆನ್ನಲಾಗದು, ನ್ಯಾಯವಾದ ಹಂಚಿಕೆಯೇ ಧರ್ಮವೆಂಬ ತತ್ತ್ವವನ್ನು ಆ ಮಂಡಲಿಯು ಎತ್ತಿಹಿಡಿಯಿತು. ನೀರಿನ ಹಂಚಿಕೆಯ ಬೇಗುದಿಯನ್ನು ಬಲ್ಲ ಮಲಪ್ರಭೆಯ ಸೀಮೆಯವರಿಗೆ ಈ ಮಾತಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಹೆಣ್ಣುಮಕ್ಕಳ ಆಸ್ತಿಯ ವಿಷಯ. ಹಿಂದೂ ವಿಧವೆಯರಿಗೆ ಗಂಡನ ಆಸ್ತಿಯಲ್ಲಿ ಪಾಲು ಕೊಡುವ ಒಂದು ಕಾಯಿದೆಯು 1937ರಲ್ಲಿ ಆಗಿತ್ತು. ಅದು ಒಳ್ಳೆಯ ಉದ್ದೇಶದಿಂದ ಹುಟ್ಟಿದ್ದರೂ ಅದರಲ್ಲಿ ಕುಂದುಗಳು ಬಹಳ. ವಿಧವೆಗೆ ದೊರೆತದ್ದು ಜೀವಮಾನದವರೆಗಿನ ಮಿತವಾದ ಹಕ್ಕು. ಮಗಳಿಗೆ ಅದರಿಂದ ಏನೂ ದೊರೆಯಲಿಲ್ಲ. ಅದಲ್ಲದೆ ಆ ಕಾಯಿದೆಯು ಬೇಸಾಯದ ಭೂಮಿಗೆ ಅನ್ವಯಿಸುವದಿಲ್ಲವೆಂದು 1941ರಲ್ಲಿ ಫೆಡರಲ್ ಕೋರ್ಟಿನ ತೀರ್ಪಾಯಿತು. ಎರೆಹೊಲವೇ ಆಸ್ತಿಯಾಗಿರುವ ರೋಣದಂಥ ತಾಲೂಕಿನಲ್ಲಿ ಹೊಲವನ್ನು ಬಿಟ್ಟು ಪಾಲು ಕೊಡುವದೆಂದರೆ ಬರಿಗೈಯನ್ನು ತೋರಿಸಿದಂತೆಯೇ ಸರಿ. ಈ ಕುಂದುಗಳನ್ನು ಪರಿಶೀಲಿಸಲು 1941ರಲ್ಲಿ ಸರಕಾರವು ರಾಯರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಹರಿದ ಸೀರೆಗೆ ತೇಪೆಯ ಮೇಲೆ ತೇಪೆ ಹಾಕುತ್ತ ಹೋದರೆ ಪ್ರಯೋಜನವಿಲ್ಲ, ಇಡೀ ಹಿಂದೂ ಕಾನೂನನ್ನೇ ಕ್ರಮವಾಗಿ ಒಂದು ಸಂಹಿತೆಯಾಗಿ ಬರೆಯಬೇಕೆಂದು ಆ ಸಮಿತಿಯು ಅಭಿಪ್ರಾಯಪಟ್ಟಿತು. 1944ರಲ್ಲಿ ಸಮಿತಿಯನ್ನು ಪುನಃ ನೇಮಿಸಿದರು. ಕರಡನ್ನು ದೇಶಭಾಷೆಗಳಲ್ಲಿಯೂ ಪ್ರಕಟಿಸಿದರು. 1945ರಲ್ಲಿ ರಾಯರೂ ಅವರ ಸಂಗಡಿಗರೂ ಮುಂಬಯಿ, ಪುಣೆ, ಮದ್ರಾಸ, ಕಲಕತ್ತಾ, ಲಾಹೋರ ಮೊದಲಾದ ಪಟ್ಟಣಗಳಲ್ಲಿ ಸಂಚರಿಸಿ, ಶಾಸ್ತ್ರಿಗಳ ಮಾತನ್ನೂ ವಕೀಲರ ಮಾತನ್ನೂ ಮಹಿಳಾ ಸಂಘಗಳ ಮಾತನ್ನೂ ಕೇಳಿದರು. ಕೆಲವು ಕಡೆ ಕಪ್ಪು ಬಾವುಟಗಳೂ ಎದುರಾದವು. ಸಮಿತಿಯ ಒಳಗೆಯೇ ಭಿನ್ನಮತವುಂಟಾಯಿತು. ಆದರೂ ಮಗಳಿಗೆ ಮಗನ ಪಾಲಿನ ಅರ್ಧದಷ್ಟಾದರೂ ಸಲ್ಲತಕ್ಕದ್ದೆಂದು ಅವರ ಕರಡಿನಲ್ಲಿತ್ತು.

ಆ ಕರಡು ಒಡನೆ ಕಾಯಿದೆಯಾಗಲಿಲ್ಲ. ಮುಂದೆ ಅಂಬೇಡಕರರು ಮಂತ್ರಿಗಳಾಗಿ ಅದನ್ನು ಮುಂದಕ್ಕೆ ತಂದರು. ಅದು ಸಾಗದೆ ಇದ್ದುದರಿಂದ 1951ರಲ್ಲಿ ಮಂತ್ರಿಪದವನ್ನೇ ಬಿಟ್ಟರು. ಕಡೆಗೆ 1955 ಮತ್ತು 1956ರಲ್ಲಿ ಅದು ನಾಲ್ಕು ಬೇರೆ ಬೇರೆ ಕಾಯಿದೆಗಳಾಗಿ ಜಾರಿಗೆ ಬಂತು. ಕೂಡು ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಎಂಬುದು ನಮ್ಮ ಕರ್ನಾಟಕದಲ್ಲಿ 1994ರಲ್ಲಿಯೂ ಇಡೀ ದೇಶದಲ್ಲಿ 2005ರಲ್ಲಿಯೂ ಶಾಸನವಾಯಿತು. ಕ್ರೈಸ್ತ ಕುಟುಂಬಗಳಿಗೆ 1925ರ ಉತ್ತರಾಧಿಕಾರದ ಕಾಯಿದೆಯು ಬೇರೆಯಾಗಿ ಇರುವದು. ಅರ್ಧ ಪಾಲಿನಿಂದ ಪೂರ್ಣ ಪಾಲಿಗೆ ಬರಲು ಅರುವತ್ತು ವರುಷಗಳು ಹಿಡಿದವು. ಬೀಜ ಬಿತ್ತಿದವರು ಬೆಳೆಯನ್ನು ಕಾಣಲಿಲ್ಲ. ಆದರೆ ಬಿತ್ತದಿದ್ದರೆ ಬೆಳೆಯೆಲ್ಲಿ?

ನ್ಯಾಯಾಸನದಿಂದ ನಿವೃತ್ತರಾದ ಮೇಲೆ ರಾಯರು ಸ್ವಲ್ಪ ಕಾಲ ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಗಳಾಗಿದ್ದರು. ಮಹಾರಾಜರಿಗೂ ಅವರಿಗೂ ಅಭಿಪ್ರಾಯಭೇದ ಬಂದುದರಿಂದ 1945ರಲ್ಲಿ ಆ ಪದವಿಯನ್ನು ತ್ಯಜಿಸಿ ದಿಲ್ಲಿಗೆ ಬಂದರು. ಅಲ್ಲಿ ಅವರ ಬಾಳಿನ ಮುಖ್ಯ ಕಾರ್ಯವು ಕಾದಿತ್ತು. ಅದನ್ನು ತಿಳಿಯಬೇಕಾದರೆ ಘಟನಾಸಭೆಯನ್ನು ಹೇಗೆ ಆರಿಸಿದರೆಂಬುದನ್ನು ಮೊದಲು ತಿಳಿಯಬೇಕು.

1946ನೆಯ ಇಸವಿ ಮೇ 16ರಂದು ಬ್ರಿಟಿಷ್ ಮಂತ್ರಿಮಂಡಲದ ನಿಯೋಗವು ತನ್ನ ಯೋಜನೆಯನ್ನು ಪ್ರಕಟಿಸಿತು. ಹಿಂದುಸ್ಥಾನದ ಮುಂದಿನ ರಾಜ್ಯಘಟನೆಯನ್ನು ಹಿಂದುಸ್ಥಾನದವರೇ ಬರೆಯಬೇಕು. ಅದಕ್ಕಾಗಿ ಸುಮಾರು ಹತ್ತು ಲಕ್ಷ ಜನರಿಗೆ ಒಬ್ಬರಂತೆ ಪ್ರತಿನಿಧಿಗಳು ಕೂಡಬೇಕು. ಎಲ್ಲ ಸೇರಿ 389 ಸ್ಥಾನಗಳು. ಅವುಗಳಲ್ಲಿ 93 ದೇಶೀಯ ಸಂಸ್ಥಾನಗಳಿಗೆ, ಉಳಿದ 296 ಬ್ರಿಟಿಷ್ ಹಿಂದುಸ್ಥಾನಕ್ಕೆ. ವಯಸ್ಸಿಗೆ ಬಂದ ಎಲ್ಲರಿಂದಲೂ ನೇರವಾಗಿ ಮತ ಪಡೆಯುವದಾದರೆ ವಿಳಂಬವಾಗುವದೆಂದು, ಆಗತಾನೆ ಆರಿಸಿ ಬಂದಿದ್ದ ಪ್ರಾಂತೀಯ ಶಾಸನಸಭೆಗಳ ಸದಸ್ಯರೇ ಈ ಪ್ರತಿನಿಧಿಗಳನ್ನು ಆರಿಸಬೇಕೆಂದು ಗೊತ್ತುಮಾಡಿದರು. ನಮ್ಮ ಜಕ್ಕಲಿಯು ಆಗ ಧಾರವಾಡ ಜಿಲ್ಲೆಯಲ್ಲಿ, ಮುಂಬಯಿ ಪ್ರಾಂತದಲ್ಲಿ ಇತ್ತು. ಮುಂಬಯಿಗೆ ದೊರೆತವು 21 ಸ್ಥಾನಗಳು: ಸಾಮಾನ್ಯ 19, ಮುಸಲ್ಮಾನರಿಗೆ 2. ಮುಂಬಯಿ ಶಾಸನಸಭೆಯಲ್ಲಿ 175 ಸ್ಥಾನಗಳಿದ್ದವು. ಎರಡು ವರ್ಗದ ಸದಸ್ಯರೂ ಬೇರೆ ಬೇರೆಯಾಗಿ, ಮತಪತ್ರದ ಮೇಲೆ ತಮ್ಮ ಮೊದಲನೆಯ ಇಷ್ಟ, ಎರಡನೆಯ ಇಷ್ಟ, ಮೂರನೆಯ ಇಷ್ಟ ಎಂದು ಅಂಕಿಗಳನ್ನು ಹಾಕತಕ್ಕದ್ದು. ಮೊದಲನೆಯ ಇಷ್ಟದವನಿಗೆ ಬೇಕಾದಷ್ಟು ಮತಗಳು ಬಂದು ಮಿಕ್ಕರೆ, ಮಿಕ್ಕವು ಎರಡನೆಯವನಿಗೆ ಹೋಗುವವು. ಹೀಗೆ ಮಾಡುವದರಿಂದ ಚಿಕ್ಕ ಪಕ್ಷಗಳಿಗೂ ತಮ್ಮ ಬಲಕ್ಕೆ ತಕ್ಕಷ್ಟು ಸ್ಥಾನಗಳು ದೊರೆಯುವವು.

1946ರ ಜುಲೈ ತಿಂಗಳಲ್ಲಿ ಈ ಚುನಾವಣೆಗಳು ನಡೆದವು. ನಮ್ಮ ಕಡೆಯ ರಂಗನಾಥ ದಿವಾಕರರೂ, ಮೈಸೂರು ಸೀಮೆಯ ಚಿತ್ರದುರ್ಗದಲ್ಲಿದ್ದ ನಿಜಲಿಂಗಪ್ಪನವರೂ ಮುಂಬಯಿ ಪ್ರಾಂತದಿಂದಲೇ ಆರಿಸಿ ಬಂದರು. ಶ್ರೀಮತಿ ಹಂಸಾ ಮೆಹತಾ ಅವರೂ ಮುಂಬಯಿಯ ಪ್ರತಿನಿಧಿಗಳು. ಅಂಬೇಡಕರರು ಮೊದಲು ಬಂಗಾಲದಿಂದ ಬಂದಿದ್ದರು. ದೇಶ ವಿಭಜನೆಯಿಂದ ಆ ಸ್ಥಾನವು ಹೋದಾಗ 1947ರಲ್ಲಿ ಮುಂಬಯಿ ಪ್ರಾಂತವೇ ಅವರನ್ನು ಪುನಃ ಆರಿಸಿ ಕಳುಹಿಸಿತು. ಕೊಡಗಿಗೆ ಒಂದು ಸ್ಥಾನವಿದ್ದು ಚೆಪ್ಪುಡಿರ ಪೂಣಚ್ಚನವರು ಹೋದರು. ಮೈಸೂರು ಸಂಸ್ಥಾನಕ್ಕೆ 7 ಸ್ಥಾನಗಳಿದ್ದವು. ಚೆಂಗಲರಾಯ ರೆಡ್ಡಿಯವರೂ ಕೆಂಗಲ್ ಹನುಮಂತಯ್ಯನವರೂ ಅದರ ಪ್ರತಿನಿಧಿಗಳಲ್ಲಿದ್ದರು. ಗಜೇಂದ್ರಗಡದಿಂದ ಕೆಲವೇ ಹರದಾರಿ ಆಚೆಗಿರುವ ಯಲಬುರ್ಗೆಯ ಕನ್ನಡಿಗರು ನಿಜಾಮರ ಪ್ರಜೆಗಳಾಗಿದ್ದರು. ಹೈದರಾಬಾದ ಸಂಸ್ಥಾನದಿಂದ ಪ್ರತಿನಿಧಿಗಳು ಬರಲೇ ಇಲ್ಲವಾದ್ದರಿಂದ ಅವರ ಪರವಾಗಿ ಆ ಸಭೆಯಲ್ಲಿ ಕೈಯೆತ್ತುವವರು ಯಾರೂ ಇರಲಿಲ್ಲ.

ಈ ಚುನಾವಣೆಯ ಒಂದು ನ್ಯೂನತೆಯನ್ನು ಮುಚ್ಚಿಡಬಾರದು. ಪ್ರಾಂತೀಯ ಶಾಸನಸಭೆಗಳನ್ನು ಆರಿಸುವ ಹಕ್ಕು ಆಗ ವಯಸ್ಕರಲ್ಲಿ ಮೂರರಲ್ಲಿ ಒಂದು ಪಾಲಿನವರಿಗೂ ಇರಲಿಲ್ಲ. ಕಂದಾಯ ಕೊಡುವವನಿಗೆ, ಆಸ್ತಿಯುಳ್ಳವನಿಗೆ, ಇಷ್ಟು ಓದಿದವನಿಗೆ ಮಾತ್ರ ಮತ. ಹೆಂಗಸರಲ್ಲಿ ಗಂಡನ ಆಸ್ತಿಯ ದೆಸೆಯಿಂದಲೋ ಅಕ್ಷರಜ್ಞಾನದ ದೆಸೆಯಿಂದಲೋ ಮತ ದೊರೆತವರು ಕೆಲವರೇ. ಕೂಲಿ ಮಾಡುವ ಹೆಣ್ಣುಮಗಳಿಗೆ, ನೇಯುವವನಿಗೆ, ಹೊಲವಿಲ್ಲದ ಒಕ್ಕಲಿಗೆ ಅದು ಇರಲಿಲ್ಲ. ಘಟನಾಸಭೆಯಲ್ಲಿ ಸ್ಥಾನ ಪಡೆದ ಮಹಿಳೆಯರು ಒಟ್ಟು 15 ಜನ ಮಾತ್ರ. ಹೀಗೆ ಕೆಲವರ ಮತದಿಂದ ಹುಟ್ಟಿದ ಸಭೆಯು ಎಲ್ಲರ ಹಕ್ಕನ್ನು ಬರೆಯಬೇಕಾಗಿತ್ತು. ಆ ಸಭೆಯ ಯೋಗ್ಯತೆಯನ್ನು ಅಳೆಯಬೇಕಾದರೆ, ಮತವಿಲ್ಲದವರಿಗಾಗಿ ಅದು ಏನು ಮಾಡಿತೆಂಬುದೇ ಅಳತೆಗೋಲು.

ಸಭೆ ನೆರೆಯುವದಕ್ಕೆ ಮೊದಲೇ, 1946ರ ಜುಲೈಯಲ್ಲಿ, ನರಸಿಂಗರಾಯರನ್ನು ಘಟನಾ ಸಲಹೆಗಾರರಾಗಿ ನೇಮಿಸಿದರು. ಸಂಬಳವಿಲ್ಲದೆ ಸೇವೆಮಾಡಲು ಅವರು ಒಪ್ಪಿದರು. ಸಭೆಯು 1946ರ ಡಿಸೆಂಬರ 9ರಂದು ದಿಲ್ಲಿಯಲ್ಲಿ ಮೊದಲು ಕೂಡಿತು. ಮುಸ್ಲಿಮ್ ಲೀಗಿನ ಸದಸ್ಯರು ಹೊರಗುಳಿದರು. ಮುಂದೇನಾಗುವದೋ ಎಂಬ ಸಂದೇಹವು ಎಲ್ಲೆಡೆಯೂ ಇತ್ತು. ಸದಸ್ಯರಲ್ಲಿ ಅನೇಕರು ಸೆರೆಮನೆಯಿಂದ ಬಂದ ದೇಶಭಕ್ತರು. ತ್ಯಾಗದಲ್ಲಿ ಹಿರಿಯರು, ಆದರೆ ಬೇರೆ ದೇಶಗಳ ರಾಜ್ಯಘಟನೆಗಳನ್ನು ತೂಗಿ ನೋಡಲು ಅವರಿಗೆ ಪುರಸೊತ್ತು ದೊರೆತಿರಲಿಲ್ಲ. ರಾಯರು ಅವರ ಮುಂದೆ ಆ ಜ್ಞಾನವನ್ನೆಲ್ಲ ಚೊಕ್ಕಟವಾಗಿ ಬಡಿಸಿದರು. ಅಮೇರಿಕ, ಕೆನಡಾ, ಆಯರ್ಲಂಡ, ಸ್ವಿಟ್ಜರ್ಲಂಡ ಮೊದಲಾದ ದೇಶಗಳಲ್ಲಿ ಯಾವ ಏರ್ಪಾಡು ಇದೆ, ಅದರಿಂದ ಲಾಭವೇನು ತೊಡಕೇನು ಎಂಬುದನ್ನು ಚಿಕ್ಕ ಚಿಕ್ಕ ಪುಸ್ತಿಕೆಗಳಲ್ಲಿ ವಿವರಿಸಿದರು. 1947ರ ಮಾರ್ಚಿಯಲ್ಲಿ ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿ ಶಾಸನಸಭೆಗಳ ಸದಸ್ಯರಿಗೆ ಕಳುಹಿಸಿದರು. ರಾಷ್ಟ್ರದ ಮುಖ್ಯಸ್ಥನ ಹೆಸರೇನಿರಬೇಕು, ಅವನನ್ನು ಹೇಗೆ ಆರಿಸಬೇಕು, ಪಾರ್ಲಿಮೆಂಟಿಗೆ ಎಷ್ಟು ಸಭೆಗಳಿರಬೇಕು ಎಂದು ಒಂದೊಂದನ್ನೂ ಬಿಡಿಸಿ ಕೇಳಿದರು. ಒಳ್ಳೆಯ ಶಿಕ್ಷಕರು ಉತ್ತರವನ್ನು ಬಾಯಿಗೆ ಹಾಕುವದಿಲ್ಲ; ಪ್ರಶ್ನೆಯನ್ನು ಸರಿಯಾಗಿ ಇಡುವರು. ರಾಯರು ದೇಶದ ಪ್ರತಿನಿಧಿಗಳಿಗೆ ಅಂಥ ಶಿಕ್ಷಕರಾದರು.

ಅವರು 1947ರ ಅಕ್ಟೋಬರಿನಲ್ಲಿ ರಾಜ್ಯಘಟನೆಯ ಮೊದಲ ಕರಡನ್ನು ಸಿದ್ಧಪಡಿಸಿದರು. ಅದರಲ್ಲಿ 243 ಕಲಮುಗಳೂ 13 ಪರಿಶಿಷ್ಟಗಳೂ ಇದ್ದವು. ಅಷ್ಟರಲ್ಲಿ ಆಗಸ್ಟ 29ರಂದು ಸಭೆಯು ಏಳು ಜನರ ಕರಡು ಸಮಿತಿಯನ್ನು ನೇಮಿಸಿತ್ತು. ಅಂಬೇಡಕರರು ಅದರ ಅಧ್ಯಕ್ಷರಾದರು. ಕರಡನ್ನು ಅವರ ಕೈಗೆ ಒಪ್ಪಿಸಿ ರಾಯರು ಅಮೇರಿಕ, ಕೆನಡಾ, ಆಯರ್ಲಂಡ, ಇಂಗ್ಲಂಡಗಳಿಗೆ ಹೋಗಿ ಅಲ್ಲಿಯ ನ್ಯಾಯಾಧೀಶರನ್ನೂ ರಾಜ್ಯಕಾರ್ಯಪಟುಗಳನ್ನೂ ಕಂಡು ಮಾತನಾಡಿದರು. ಜನಹಿತದ ಶಾಸನಗಳನ್ನು ಅಮೇರಿಕದ ನ್ಯಾಯಾಲಯಗಳು ಹಿಂದೆ ರದ್ದುಮಾಡಿದ್ದ ಸಂಗತಿಯು ಅವರ ಮನಸ್ಸನ್ನು ಕದಡಿತು. ಅಲ್ಲಿಯ ಪರಮೋಚ್ಚ ನ್ಯಾಯಾಲಯದ ಫ್ರಾಂಕ್‌ಫರ್ಟರರ ಆಲೋಚನೆಯೂ ಅದೇ ದಿಕ್ಕಿನಲ್ಲಿತ್ತು. ಆದುದರಿಂದ ಮನುಷ್ಯನ ಪ್ರಾಣವನ್ನೂ ಸ್ವಾತಂತ್ರ್ಯವನ್ನೂ ಕುರಿತ ಕಲಮಿನಲ್ಲಿ ನ್ಯಾಯಾಲಯಕ್ಕೆ ಬಹು ವಿಸ್ತಾರವಾದ ಅಧಿಕಾರ ಕೊಡುವ ಮಾತನ್ನು ಬಿಟ್ಟು, ಕಾನೂನು ಗೊತ್ತುಪಡಿಸಿದ ಕ್ರಮಕ್ಕನುಸಾರವಾಗಿ ಎಂಬ ಮಾತು ಸೇರುವದಕ್ಕೆ ಅವರು ಕಾರಣರಾದರು. ಅದು ಸರಿಯೋ ತಪ್ಪೋ ಎಂಬ ಚರ್ಚೆಯು ಬಹುಕಾಲ ನಡೆಯಿತು. ಶಾಸನಸಭೆಯು ಕೆಟ್ಟ ಕಾನೂನನ್ನೇ ಮಾಡಿದರೆ ಪ್ರಜೆಗೆ ಗತಿಯೇನು ಎಂಬ ಪ್ರಶ್ನೆಯು ಸಣ್ಣದಲ್ಲ. 1978ರಲ್ಲಿ ನಮ್ಮ ಪರಮೋಚ್ಚ ನ್ಯಾಯಾಲಯವು, ಆ ಕ್ರಮವು ನ್ಯಾಯವಾದದ್ದೂ ಯುಕ್ತವಾದದ್ದೂ ಆಗಿರಲೇಬೇಕೆಂದು ನಿರ್ಣಯಿಸಿ, ರಾಯರು ಬಿಟ್ಟ ಸಂದನ್ನು ಮುಚ್ಚಿತು. ಹಿರಿಯರ ಎಲ್ಲ ಮಾತುಗಳೂ ಕಡೆಯ ಮಾತುಗಳಾಗಿರಬೇಕಾಗಿಲ್ಲ.

ಅವರ ಎಲ್ಲ ಸಲಹೆಗಳನ್ನೂ ಒಪ್ಪಿದರೆಂದು ತಿಳಿಯಬಾರದು. ರಾಜ್ಯವು ಪಾಲಿಸತಕ್ಕ ಜನಹಿತದ ತತ್ತ್ವಗಳಿಗೂ ವ್ಯಕ್ತಿಯ ಮೂಲಭೂತ ಹಕ್ಕುಗಳಿಗೂ ವಿರೋಧ ಬಂದರೆ ಜನಹಿತವೇ ಮೇಲಾಗಬೇಕೆಂದು ಅವರು ಸೂಚಿಸಿದರು. ಅದನ್ನು ಕರಡು ಸಮಿತಿಯು ಅಂಗೀಕರಿಸಲಿಲ್ಲ. ಸಲಹೆಗಾರರು ಸಲಹೆ ಕೊಡತಕ್ಕವರು, ತೀರ್ಮಾನವು ಆರಿಸಿ ಬಂದವರದು. ಈ ಮೇರೆಯನ್ನು ಅವರು ದಾಟಲಿಲ್ಲ. ಅವರಷ್ಟು ಬಲ್ಲವರು ಆ ಸಭೆಯಲ್ಲಿ ವಿರಳವಾಗಿದ್ದರೂ, ತಾನು ಬಲ್ಲವನಾದ್ದರಿಂದ ತನ್ನ ಮಾತೇ ನಡೆಯಬೇಕೆಂಬ ಹಟಕ್ಕೆ ಅಲ್ಲಿ ಎಡೆಯಿರಲಿಲ್ಲ.

ಇತ್ತೀಚೆಗೆ ಕೆಲವರು, ರಾಜ್ಯಘಟನೆಯನ್ನು ನಿಜವಾಗಿ ಬರೆದವರು ರಾಯರು, ಅಂಬೇಡಕರರಲ್ಲ ಎಂದು ವಾದಿಸುವರು. ಈ ವಾದವು ಇಬ್ಬರಿಗೂ ಅನ್ಯಾಯಮಾಡುವದು. ಗಜೇಂದ್ರಗಡದ ಮಗ್ಗಗಳನ್ನು ನೋಡಿದವರಿಗೆ ಹಾಸು ಬೇರೆ ಹೊಕ್ಕು ಬೇರೆ ಎಂಬುದು ಗೊತ್ತು. ಹಾಸಿಲ್ಲದೆ ನೇಯಲಾಗದು; ಹಾಸಿದ ಮಾತ್ರಕ್ಕೆ ಸೀರೆಯಾಗದು. ರಾಯರು ಹಾಸಿದರು, ಅಂಬೇಡಕರರೂ ಅವರ ಸಮಿತಿಯೂ ನೇಯ್ದರು, ಸಭೆಯು ಎಳೆಯೆಳೆಯನ್ನೂ ಹಿಡಿದು ನೋಡಿತು. ರಾಯರ 243 ಕಲಮುಗಳು ಸಮಿತಿಯ ಕರಡಿನಲ್ಲಿ 315 ಆದವು; ಕಡೆಗೆ 1949ರ ನವೆಂಬರ 26ರಂದು ಅಂಗೀಕಾರವಾದಾಗ 395 ಕಲಮುಗಳೂ 8 ಪರಿಶಿಷ್ಟಗಳೂ ಇದ್ದವು. ಸದಸ್ಯರು ಸುಮಾರು 7,635 ತಿದ್ದುಪಡಿಗಳನ್ನು ಸೂಚಿಸಿ, ಅವುಗಳಲ್ಲಿ 2,473ನ್ನು ಸಭೆಯ ಮುಂದೆ ಮಂಡಿಸಿದರು. ಅಂಬೇಡಕರರು ತಮ್ಮ ಕಡೆಯ ಭಾಷಣದಲ್ಲಿ, ತಮಗೆ ಸಲ್ಲಿಸಿದ ಕೀರ್ತಿಯಲ್ಲಿ ಒಂದು ಪಾಲು ರಾಯರಿಗೆ ಸೇರತಕ್ಕದ್ದೆಂದು ಮನಸಾರೆ ಸಾರಿದರು. ಅಧ್ಯಕ್ಷರಾದ ರಾಜೇಂದ್ರಪ್ರಸಾದರೂ ರಾಯರ ನಿರ್ವೇತನ ಸೇವೆಯನ್ನು ಕೊಂಡಾಡಿದರು. ದೊಡ್ಡವರು ಹಂಚಿಕೊಂಡ ಕೀರ್ತಿಗಾಗಿ ಚಿಕ್ಕವರು ಕಚ್ಚಾಡುವದು ತರವಲ್ಲ. 1950ರ ಜನವರಿಯಲ್ಲಿ ಸದಸ್ಯರು ಗ್ರಂಥಕ್ಕೆ ಸಹಿ ಹಾಕಿದರು. ನರಸಿಂಗರಾಯರು ಸದಸ್ಯರಲ್ಲವಾದ್ದರಿಂದ ಅವರ ಸಹಿ ಅದರಲ್ಲಿಲ್ಲ.

ಮತವಿಲ್ಲದವರಿಗಾಗಿ ಸಭೆಯು ಏನು ಮಾಡಿತೆಂಬುದನ್ನು ಈಗ ನೋಡೋಣ. ಇಪ್ಪತ್ತೊಂದು ವರುಷ ತುಂಬಿದ ಪ್ರತಿಯೊಬ್ಬ ಪ್ರಜೆಗೂ, ಗಂಡಾಗಲಿ ಹೆಣ್ಣಾಗಲಿ, ಓದಿದವರಾಗಲಿ ಓದದವರಾಗಲಿ, ಹೊಲವಿದ್ದವರಾಗಲಿ ಇಲ್ಲದವರಾಗಲಿ, ಒಂದು ಮತವೆಂದು ಅದು ಬರೆಯಿತು. ಬರೆದುದನ್ನು ನಡೆಸಬೇಕಾದರೆ ಮತದಾರರ ಯಾದಿ ಬೇಕು. ರಾಜ್ಯಘಟನೆಯು ಮುಗಿಯುವ ಮೊದಲೇ, 1948ರಲ್ಲಿ, ರಾಯರು ಸಲಹೆಗಾರರಾಗಿದ್ದ ಸಭೆಯ ಕಾರ್ಯಾಲಯವು ಈ ಯಾದಿಯನ್ನು ಸಿದ್ಧಪಡಿಸಲು ಪ್ರಾಂತಗಳಿಗೂ ಸಂಸ್ಥಾನಗಳಿಗೂ ಸೂಚನೆಗಳನ್ನು ಕಳುಹಿಸಿತು. ಮನೆಮನೆಗೆ ಹೋಗಿ ಹೆಸರು ಬರೆಯಬೇಕಾಗಿತ್ತು. ದೇಶ ವಿಭಜನೆಯಿಂದ ಲಕ್ಷಾಂತರ ಜನರು ನಿರಾಶ್ರಿತರಾಗಿ ಅಲೆಯುತ್ತಿದ್ದ ಕಾಲವದು.

ಆಗ ಒಂದು ವಿಚಿತ್ರವಾದ ತೊಡಕು ಎದುರಾಯಿತು. ಅನೇಕ ಹೆಣ್ಣುಮಕ್ಕಳು ತಮ್ಮ ಹೆಸರನ್ನೇ ಹೇಳಲೊಲ್ಲರು. ಇಂಥವನ ಹೆಂಡತಿ, ಇಂಥವನ ತಾಯಿ, ಇಂಥವರ ಮಗಳು ಎಂದಷ್ಟೇ ಬರೆಯಿಸಿದರು. ಪರಪುರುಷನ ಮುಂದೆ ಹೆಸರು ಹೇಳುವದು ಮರ್ಯಾದೆಯಲ್ಲವೆಂಬುದು ಅವರ ಭಾವನೆ. ಹೆಸರಿಲ್ಲದ ಮತದಾರಳನ್ನು ಗುರುತಿಸುವದು ಹೇಗೆ? 1951-52ರ ಮೊದಲನೆಯ ಮಹಾ ಚುನಾವಣೆಗೆ ಮುಂಚೆ, ಸ್ವಂತ ಹೆಸರು ಕೊಡದ ಸುಮಾರು 28 ಲಕ್ಷ ಸ್ತ್ರೀಯರನ್ನು ಯಾದಿಯಿಂದ ಬಿಡಬೇಕಾಯಿತು. ಅವರಲ್ಲಿ ಹೆಚ್ಚಿನವರು ಉತ್ತರ ದೇಶದವರು. ಯಾದಿಯಲ್ಲಿ ಒಟ್ಟು 17 ಕೋಟಿಗೆ ಮೇಲ್ಪಟ್ಟು ಹೆಸರುಗಳಿದ್ದವು; ಆದರೂ ಹೊರಗುಳಿದ 28 ಲಕ್ಷ ತಾಯಂದಿರ ಸಂಗತಿಯನ್ನು ನೆನೆದರೆ ಮನಸ್ಸಿಗೆ ನೋವಾಗುವದು. ರಾಜ್ಯವು ಹಕ್ಕು ಕೊಟ್ಟಿತು. ಅದನ್ನು ತೆಗೆದುಕೊಳ್ಳಲು ಬೇಕಾದದ್ದು ತನ್ನ ಹೆಸರನ್ನು ತಾನು ಹೇಳುವಷ್ಟು ಧೈರ್ಯ ಮಾತ್ರ. ಆ ಧೈರ್ಯವನ್ನು ಕಾಯಿದೆ ಕೊಡಲಾರದು. ಮನೆ ಮತ್ತು ಶಾಲೆ ಕೊಡಬೇಕು. ಹಾಜರಿ ಪುಸ್ತಕದಲ್ಲಿ ಹುಡುಗಿಯ ಹೆಸರನ್ನು ಕೂಗಿ, ಆಕೆ ಎದ್ದು ನಿಂತು ಉತ್ತರ ಕೊಡುವದನ್ನು ಕಲಿಸುವ ನಮ್ಮ ದಿನನಿತ್ಯದ ಕೆಲಸವು ಎಷ್ಟು ದೊಡ್ಡದೆಂದು ಇದರಿಂದ ತಿಳಿಯಬಹುದು.

ಜಕ್ಕಲಿಯ ಹಿರಿಯರಿಗೆ ಘಟನಾಸಭೆಯಿಂದ ಇನ್ನೊಂದು ಆಶೆಯೂ ಇತ್ತು. ಅದು ಕನ್ನಡಿಗರೆಲ್ಲರ ಒಂದು ಪ್ರಾಂತ. ಸಭೆಯ ಅಧ್ಯಕ್ಷರು 1948ರಲ್ಲಿ ನೇಮಿಸಿದ ಭಾಷಾವಾರು ಪ್ರಾಂತಗಳ ಆಯೋಗವು ಅದಕ್ಕೆ ಅನುಕೂಲವಾಗಿ ಹೇಳಲಿಲ್ಲ. ನಮ್ಮ ಊರಿನ ಅಂದಾನಪ್ಪ ದೊಡ್ಡಮೇಟಿಯವರು ಮುಂಬಯಿ ಶಾಸನಸಭೆಯ ಸದಸ್ಯತ್ವವನ್ನು 1953ರಲ್ಲಿ ಬಿಟ್ಟುಕೊಟ್ಟು ಇಲ್ಲಿಯೇ ಉಪವಾಸ ಕುಳಿತದ್ದನ್ನು ಇಲ್ಲಿಯ ಮನೆಮನೆಯೂ ಬಲ್ಲದು. ಹೊಸ ರಾಜ್ಯಗಳನ್ನು ರಚಿಸುವ ಅಧಿಕಾರವನ್ನು ರಾಜ್ಯಘಟನೆಯು ಪಾರ್ಲಿಮೆಂಟಿಗೆ ಕೊಟ್ಟಿತ್ತು. ಆ ಬಾಗಿಲಿನಿಂದಲೇ 1956ರ ನವೆಂಬರ 1ರಂದು ಧಾರವಾಡವೂ ಮಂಗಳೂರೂ ಯಲಬುರ್ಗೆಯೂ ಒಂದೇ ರಾಜ್ಯವನ್ನು ಸೇರಿದವು. ಜನರ ಒತ್ತಾಯವು ರಕ್ತಪಾತವಿಲ್ಲದೆ ಶಾಸನವಾಗುವಂತೆ ದಾರಿ ಬಿಡುವದೇ ಒಳ್ಳೆಯ ರಾಜ್ಯಘಟನೆಯ ಲಕ್ಷಣ.

ಅದನ್ನು ಕಾಣಲು ರಾಯರು ಉಳಿಯಲಿಲ್ಲ. ಅವರು ಸಂಯುಕ್ತ ರಾಷ್ಟ್ರಸಂಘದಲ್ಲಿ ನಮ್ಮ ದೇಶದ ಪ್ರತಿನಿಧಿಗಳಾಗಿ ನ್ಯೂಯಾರ್ಕಿಗೆ ಹೋದರು. 1950ರ ಜೂನಿನಲ್ಲಿ ಭದ್ರತಾ ಮಂಡಲಿಯ ಅಧ್ಯಕ್ಷತೆಯು ಸರದಿಯಂತೆ ಅವರಿಗೆ ಬಂದಿದ್ದಾಗಲೇ ಕೊರಿಯಾದ ಯುದ್ಧವು ಹೊತ್ತಿಕೊಂಡಿತು. ಆ ಬಿರುಗಾಳಿಯಲ್ಲಿಯೂ ಅವರು ಸಮಾಧಾನ ತಪ್ಪದೆ ಸಭೆಯನ್ನು ನಡೆಸಿ, ಶಾಂತಿಗಾಗಿ ಶ್ರಮಿಸಿದರು. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಬ್ರಹ್ಮದೇಶದ ರಾಜ್ಯಘಟನೆಯ ರಚನೆಗೂ ಅವರ ನೆರವು ದೊರೆತಿತ್ತು. ದೇಹವು ದಣಿದು, 1953ರ ನವೆಂಬರ 30ರಂದು ಸ್ವಿಟ್ಜರ್ಲಂಡದ ಜೂರಿಕಿನಲ್ಲಿ, ತಮ್ಮ 66ನೆಯ ವಯಸ್ಸಿನಲ್ಲಿ, ಅವರು ಇಹಲೋಕವನ್ನು ಬಿಟ್ಟರು. 1988ರಲ್ಲಿ ಸರಕಾರವು ಅವರ ಸ್ಮರಣಾರ್ಥವಾಗಿ ಒಂದು ಅಂಚೆಚೀಟಿಯನ್ನು ಹೊರಡಿಸಿತು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಶಿಕ್ಷಕಿಯರೂ ದಾದಿಯರೂ ಗೃಹಿಣಿಯರೂ ಇದ್ದೀರಿ. ಪಂಚಾಯತಿಗೆ ಆರಿಸಿ ಬಂದವರೂ ಇರಬಹುದು. ಹೆಚ್ಚು ಬಲ್ಲವರು ಹೇಗೆ ನಡೆಯಬೇಕೆಂಬುದನ್ನು ರಾಯರ ಬಾಳಿನಿಂದ ಕಲಿಯಬಹುದು. ಬಲ್ಲದ್ದನ್ನು ಊರವರ ಮುಂದೆ ಬಿಚ್ಚಿಡಿರಿ, ತೀರ್ಮಾನವನ್ನು ಅವರಿಗೆ ಬಿಡಿರಿ. ನಿಮ್ಮ ಮಾತು ನಡೆಯದಿದ್ದರೆ ಮುನಿಯದೆ ಮುಂದಿನ ಕೆಲಸಕ್ಕೆ ಕೈ ಹಚ್ಚಿರಿ. ಆರಿಸಿ ಬಂದವರಾದರೆ ಬಲ್ಲವರ ಮಾತನ್ನು ಕೇಳಿದ ಮೇಲೆಯೇ ಕೈಯೆತ್ತಿರಿ. ತಾಯ್ತಂದೆಗಳಿಗೆ ನನ್ನ ಬಿನ್ನಹವು ಇಷ್ಟೇ. ಮಗಳಿಗೆ ಹದಿನೆಂಟು ತುಂಬಿದೊಡನೆ ಆಕೆಯ ಹೆಸರನ್ನು ಮತದಾರರ ಯಾದಿಯಲ್ಲಿ ಸ್ಪಷ್ಟವಾಗಿ ಬರೆಯಿಸಿರಿ. ಮದುವೆಯಾಗಿ ಬೇರೆ ಊರಿಗೆ ಹೋದರೆ ಅಲ್ಲಿಯೂ ಬರೆಯಿಸಲು ನೆನಪು ಕೊಡಿರಿ. ಹೊಲಮನೆಯ ಕಾಗದಕ್ಕೆ ಆಕೆಯ ಸಹಿ ಬೇಕಾದಾಗ, ಅದರಲ್ಲಿ ಬರೆದದ್ದೇನೆಂದು ಆಕೆಯೇ ಓದಿದ ತರುವಾಯ ಸಹಿ ಮಾಡಿಸಿರಿ. ನರಸಿಂಗರಾಯರು ಯಾವ ಸ್ಮಾರಕವನ್ನೂ ಬೇಡಲಿಲ್ಲ. ನಮ್ಮ ಹೆಣ್ಣುಮಕ್ಕಳು ಇಷ್ಟನ್ನು ಮಾಡಿದರೆ ಅದೇ ಅವರಿಗೆ ತಕ್ಕ ಸ್ಮಾರಕವಾಗುವದು.